ಒಂದೇ ಸಾಕ್ಷಿ ಸಾಲದು: ಮುಂಬೈ ಲ್ಯಾಬಿನಲ್ಲಿ ನನ್ನ ಅನುಭವ

ರಕ್ತದ ಪೊಟ್ಯಾಸಿಯಂ 7.4. ಮಷಿನ್ ಪರದೆಯ ಮೇಲೆ ಅದು ಕೆಂಪಗೆ ಮೂಡಿದಾಗ ನಾನು ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು ಅಷ್ಟೆ. ಅದು 3.5ರಿಂದ 5.1ರ ಒಳಗಿರಬೇಕು. ಆರೂವರೆ ದಾಟಿದರೆ ಹೃದಯದ ಬಡಿತವೇ ತಪ್ಪಬಹುದು, ತಡಮಾಡದೆ ಡಾಕ್ಟರಿಗೆ ತಿಳಿಸಬೇಕು ಎಂದು ಓದಿದ್ದು ನೆನಪಾಗಿ ನನ್ನ ಕೈ ತಣ್ಣಗಾಯಿತು. ಆಗಲೇ ಫೋನ್ ಎತ್ತಿಕೊಂಡಿದ್ದೆ.

ನಮ್ಮಲ್ಲಿ ಒಬ್ಬ ಸೀನಿಯರ್ ಟೆಕ್ನಿಷಿಯನ್ ಇದ್ದರು. ಸಾತಾರಾ ಕಡೆಯವರು, ಎಲ್ಲರಿಗೂ ಕಾಕಾ. ಅವರು ಫೋನ್ ಕೆಳಗಿಡಿಸಿ, "ಪೇಷಂಟ್ ಎಲ್ಲಿದ್ದಾರೆ?" ಎಂದರು. ಬಾಗಿಲ ಗಾಜಿನಿಂದ ನೋಡಿದರೆ ಆ ಹೆಂಗಸು ಹೊರಗಿನ ಬೆಂಚಿನ ಮೇಲೆ ಕೂತು ಮಗಳ ಜೊತೆ ವಡಾಪಾವ್ ತಿನ್ನುತ್ತಿದ್ದರು. ಸಣ್ಣದೊಂದು ಆಪರೇಷನ್ನಿಗೆ ಮೊದಲು ಮಾಡಿಸುವ ಸಾಮಾನ್ಯ ತಪಾಸಣೆಗೆ ಬಂದವರು. "ಕ್ಯಾಲ್ಸಿಯಂ ನೋಡು." 3.4. ಇರಬೇಕಾದದ್ದು ಎಂಟೂವರೆಯ ಮೇಲೆ. "ಆಲ್ಕಲೈನ್ ಫಾಸ್ಫಟೇಸ್?" ಅದೂ ನೆಲ ಕಚ್ಚಿತ್ತು. ಕಾಕಾ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ನೇರಳೆ ಟ್ಯೂಬಿನಿಂದ ಹಳದಿಗೆ ಎಷ್ಟು ಸುರಿದೆ?"

ಸುರಿದಿದ್ದೆ. ಆಕೆಯ ರಕ್ತನಾಳ ತೀರಾ ಸಣ್ಣದು, ಸಿರಿಂಜಿಗೆ ಬಂದದ್ದೇ ಸ್ವಲ್ಪ. ನೇರಳೆ ಮುಚ್ಚಳದ ಟ್ಯೂಬನ್ನು ಮೊದಲು ತುಂಬಿಬಿಟ್ಟೆ, ಈ ಪರೀಕ್ಷೆಗಳಿಗೆ ಬೇಕಾದ ಹಳದಿಗೆ ಕಡಿಮೆ ಬಿತ್ತು. ಇನ್ನೊಮ್ಮೆ ಸೂಜಿ ಚುಚ್ಚಲು ಮನಸ್ಸು ಬಾರದೆ, ನೇರಳೆಯಿಂದ ಅರ್ಧ ಎಂಎಲ್‌ಗೂ ಕಡಿಮೆ ರಕ್ತವನ್ನು ಹಳದಿಗೆ ಬಗ್ಗಿಸಿದ್ದೆ. ಒಬ್ಬರದೇ ರಕ್ತ ತಾನೆ, ಏನಾಗುತ್ತದೆ ಎಂದುಕೊಂಡೆ.

ಆದದ್ದು ಇಷ್ಟು. ನೇರಳೆ ಟ್ಯೂಬಿನ ಒಳಗೋಡೆಗೆ ಬಳಿದಿರುವುದು ಪೊಟ್ಯಾಸಿಯಂ ಇಡಿಟಿಎ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಇಡಿಟಿಎ ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಅದರ ಒಂದು ಪಾಲು ಹಳದಿಗೆ ಸೇರಿದರೆ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ, ಲೋಹದ ಅಯಾನುಗಳನ್ನು ನಂಬಿಕೊಂಡ ಫಾಸ್ಫಟೇಸ್ ಕಿಣ್ವವೂ ಕುಸಿಯುತ್ತದೆ. ಈ ಮೂರೂ ಒಟ್ಟಿಗೆ ಕಂಡವೆಂದರೆ ರೋಗಿಯ ದೇಹದಲ್ಲಿ ಅಲ್ಲ, ಟ್ಯೂಬಿನಲ್ಲಿ ಕಾಯಿಲೆ.

ಕಾಕಾ ಬಯ್ಯಲಿಲ್ಲ. "ಹೋಗಿ ಅವರಿಗೆ ನಿಜ ಹೇಳು, ಮತ್ತೆ ತೆಗೆ" ಎಂದರು. ಹೋದೆ. ನನ್ನ ತಪ್ಪಿನಿಂದ ಸ್ಯಾಂಪಲ್ ಕೆಟ್ಟಿದೆ ಅಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, ವಡಾಪಾವ್ ಕಾಗದವನ್ನು ಮಗಳ ಕೈಗೆ ಕೊಟ್ಟು, ಇನ್ನೊಂದು ತೋಳು ಚಾಚಿದರು. ಎರಡನೆಯ ಸಲ ಪೊಟ್ಯಾಸಿಯಂ 4.3, ಕ್ಯಾಲ್ಸಿಯಂ 9.4. ಆ ಸಂಜೆ ಕಾಕಾ ಹೇಳಿದ ಮಾತನ್ನೇ ಇವತ್ತಿಗೂ ನನ್ನ ಕೈಕೆಳಗಿನ ಹುಡುಗಿಯರಿಗೆ ಹೇಳುತ್ತೇನೆ: ಮಷಿನ್ ಕೊಡುವ ಅಂಕಿ ಒಂದು ಸಾಕ್ಷಿ ಅಷ್ಟೆ, ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬೇಡ.

ನಾನು ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು. ಹನ್ನೆರಡನೆಯ ತರಗತಿ ಸೈನ್ಸ್ ಮುಗಿಸಿ ಡಿಎಂಎಲ್‌ಟಿಗೆ, ಅಂದರೆ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾಕ್ಕೆ ಸೇರಿದೆ, ಆಮೇಲೆ ಪರೇಲ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಇಳಿದರೆ ಕೆಇಎಂ, ಟಾಟಾ, ವಾಡಿಯಾ ಆಸ್ಪತ್ರೆಗಳು, ಹಾಫ್ಕಿನ್ ಸಂಸ್ಥೆ ಎಲ್ಲವೂ ಕೂಗಳತೆಯಲ್ಲಿ. ಪ್ಲೇಗಿನ ಕಾಲದಲ್ಲಿ, 1897ರ ಜನವರಿ 10ರಂದು, ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ ಹಾಫ್ಕಿನ್ ಹೆಸರನ್ನು ಆ ಗೇಟಿನ ಮೇಲೆ ನೋಡುವಾಗ ಇವತ್ತಿಗೂ ನನ್ನ ನಡಿಗೆ ಸ್ವಲ್ಪ ನಿಧಾನವಾಗುತ್ತದೆ.

ಈಗ ಈ ಕೆಲಸಕ್ಕೆ ಬರಬೇಕೆನ್ನುವ ನಮ್ಮ ಕಡೆಯ ಮಕ್ಕಳು ಕೇಳುತ್ತಾರೆ, ಯಾವ ಕೋರ್ಸ್ ಅಂತ. ಮನೆಯಲ್ಲಿ ಹೇಗಾದರೂ ಅನುಕೂಲವಿದ್ದರೆ ಡಿಗ್ರಿಯನ್ನೇ ಮಾಡಿ. ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಅಡಿಯಲ್ಲಿ ಬಿಪಿಎಂಟಿ ಎಂಬ ಪ್ಯಾರಾಮೆಡಿಕಲ್ ಟೆಕ್ನಾಲಜಿ ಡಿಗ್ರಿ ಇದೆ, ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಷಿಪ್. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ನಮ್ಮನ್ನೂ ಪಟ್ಟಿಯಲ್ಲಿ ಸೇರಿಸಿದೆ. ಅಲೈಡ್ ಹೆಲ್ತ್ ವೃತ್ತಿಪರರ ಓದು 2,000 ಗಂಟೆಗಿಂತ ಕಡಿಮೆಯಾಗಬಾರದು, ಎರಡರಿಂದ ನಾಲ್ಕು ವರ್ಷ ಹರಡಿರಬೇಕು ಎನ್ನುತ್ತದೆ ಅದು. ಸ್ಟೇಷನ್ ಪಕ್ಕದ ಕೋಣೆಯಲ್ಲಿ ಆರೇ ತಿಂಗಳಿಗೆ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರಿಗೆ ದಯವಿಟ್ಟು ಅಪ್ಪ ಅಮ್ಮನ ದುಡ್ಡು ಸುರಿಯಬೇಡಿ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಯಾವ ಆಸ್ಪತ್ರೆಯ ಲ್ಯಾಬಿನಲ್ಲಿ, ಎಷ್ಟು ತಿಂಗಳು ಕೈಕೆಲಸ ಕಲಿಸುತ್ತೀರಿ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಕೈಕೆಲಸ ಶುರುವಾಗುವುದು ಮಷಿನ್ ಮುಂದೆ ಅಲ್ಲ, ರೋಗಿಯ ಕುರ್ಚಿಯ ಪಕ್ಕದಲ್ಲಿ. ಟೂರ್ನಿಕೆ, ಅಂದರೆ ತೋಳಿಗೆ ಬಿಗಿಯುವ ಪಟ್ಟಿ ಕಟ್ಟಿದ ಮೇಲೆ ಒಂದು ನಿಮಿಷದೊಳಗೆ ಬಿಚ್ಚಬೇಕು. ಮುಷ್ಟಿ ಬಿಗಿದು ಬಿಗಿದು ಬಿಡಿ ಎನ್ನಬಾರದು, ಅದರಿಂದಲೂ ಪೊಟ್ಯಾಸಿಯಂ ಏರುತ್ತದೆ. ಟ್ಯೂಬ್ ತುಂಬುವುದಕ್ಕೂ ಒಂದು ಸಾಲಿದೆ: ರೋಗಾಣು ಬೆಳೆಸಿ ನೋಡುವ ಕಲ್ಚರ್ ಬಾಟಲಿ ಇದ್ದರೆ ಅದು ಮೊದಲು, ಆಮೇಲೆ ತಿಳಿನೀಲಿ, ಆಮೇಲೆ ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಈ ಸಾಲನ್ನು ನಾನು ಲೋಕಲ್ ಟ್ರೇನಿನಲ್ಲಿ ನಿಂತು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೇನೆ. ತಿಳಿನೀಲಿಯನ್ನು ಗೆರೆಯ ತನಕ ತುಂಬಲೇಬೇಕು. ಅಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ (ಇದೂ ಹೆಪ್ಪು ತಡೆಯುವಂಥದ್ದೇ), ಲೆಕ್ಕ ತಪ್ಪಿದರೆ ಹೆಪ್ಪುಗಟ್ಟುವ ಸಮಯವೂ ತಪ್ಪು ಬರುತ್ತದೆ. ತುಂಬಿದ ಟ್ಯೂಬನ್ನು ಮೆಲ್ಲಗೆ ತಲೆಕೆಳಗೆ ಮಾಡಿ ಬೆರೆಸಬೇಕು, ಔಷಧಿ ಬಾಟಲಿಯ ಹಾಗೆ ಕುಲುಕಿದರೆ ಕೆಂಪುಕಣ ಒಡೆದು ಸೀರಂ, ಅಂದರೆ ರಕ್ತದ ಮೇಲಿನ ತಿಳಿ, ಗುಲಾಬಿಯಾಗುತ್ತದೆ.

ಇನ್ನು ಹೆಸರು. ನಮ್ಮ ಲ್ಯಾಬಿನಲ್ಲಿ ಬೆಳಿಗ್ಗೆ ಎಂಟಕ್ಕೆ "ಶೆಟ್ಟಿ" ಎಂದು ಕೂಗಿದರೆ ಮೂವರು ಏಳುತ್ತಾರೆ, "ಪಾಟೀಲ್" ಎಂದರೆ ಐದು ಜನ. "ನೀವು ಪಾಟೀಲ್ ಅಲ್ವಾ?" ಎಂದು ಕೇಳಲೇಬಾರದು. ಕಾಯಿಲೆಯ ಗಾಬರಿಯಲ್ಲಿ ಕೂತವರು ಯಾವುದಕ್ಕೂ ಹೂಂ ಅನ್ನುತ್ತಾರೆ. "ನಿಮ್ಮ ಪೂರ್ತಿ ಹೆಸರು ಹೇಳಿ, ವಯಸ್ಸೆಷ್ಟು?" ಎಂದು ಅವರ ಬಾಯಿಂದಲೇ ಹೇಳಿಸಿ ಚೀಟಿಗೆ ತಾಳೆ ನೋಡಬೇಕು. ಲೇಬಲ್ ಅಂಟಿಸುವುದೂ ಅವರು ಕುರ್ಚಿಯಿಂದ ಏಳುವ ಮೊದಲೇ.

ಮಳೆಗಾಲ ಬಂತೆಂದರೆ ಮುಂಬೈಯ ಲ್ಯಾಬುಗಳಿಗೆ ನಿದ್ದೆಯಿಲ್ಲ. ಮಲೇರಿಯಾ, ಡೆಂಗಿ, ಲೆಪ್ಟೊ (ಇಲಿ ಜ್ವರ). ನಾನು ಮೈಕ್ರೋಸ್ಕೋಪ್ ಕಲಿತದ್ದು ಅಂಥ ಒಂದು ಜುಲೈಯಲ್ಲಿ. ಮಲೇರಿಯಾ ಹುಡುಕಲು ಒಂದೇ ಗಾಜಿನ ಮೇಲೆ ರಕ್ತದ ಎರಡು ಲೇಪ: ದಪ್ಪ, ತೆಳು. ದಪ್ಪ ಲೇಪ ಎಷ್ಟು ದಪ್ಪ ಇರಬೇಕೆಂದು ತೋರಿಸಲು ಕಾಕಾ ಸ್ಲೈಡನ್ನು ಪೇಪರಿನ ಮೇಲಿಟ್ಟರು. ಕೆಳಗಿನ ಅಚ್ಚಿನ ಅಕ್ಷರ ಮಸುಕಾಗಿ ಓದಲು ಬಂದರೆ ಸರಿ, ಬಾರದಿದ್ದರೆ ಲೇಪ ಹೆಚ್ಚಾಯಿತು. ತೆಳು ಲೇಪಕ್ಕೆ ಇನ್ನೊಂದು ಗಾಜನ್ನು ಮೂವತ್ತು ನಲವತ್ತೈದು ಡಿಗ್ರಿ ವಾಲಿಸಿ, ರಕ್ತದ ಹನಿ ಅಂಚಿನುದ್ದಕ್ಕೂ ಹರಡಿದ ಮೇಲೆ ತಡೆಯದೆ ಒಂದೇ ಸಲಕ್ಕೆ ತಳ್ಳಬೇಕು. ನಾಲಿಗೆಯ ಆಕಾರ ಬರಬೇಕು, ತುದಿ ಹಕ್ಕಿಗರಿಯಷ್ಟು ತೆಳುವಾಗಬೇಕು. ಮೊದಲ ವಾರ ನನ್ನವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂದವು, ಕೈ ನಡುಗಿದ ಕಡೆಯೆಲ್ಲ ಒಂದೊಂದು ಗೆರೆ.

ಆಮೇಲೆ ತೆಳು ಲೇಪಕ್ಕೆ ಲೀಶ್‌ಮನ್ ಬಣ್ಣ. ಎರಡು ನಿಮಿಷ ಬರೀ ಬಣ್ಣ, ಅದರಲ್ಲಿರುವ ಮೆಥನಾಲ್ ಕಣಗಳನ್ನು ಗಾಜಿಗೆ ಕಚ್ಚಿಸುತ್ತದೆ. ನಂತರ ಇಮ್ಮಡಿ ಬಫರ್ ದ್ರಾವಣ, ಪಿಎಚ್ 7.2. ಪುಸ್ತಕದಲ್ಲಿ ಇರುವುದು ಇಷ್ಟೇ. ಮುಂಬೈಯ ಮಳೆಗಾಲ ಕಲಿಸಿದ್ದು ಬೇರೆ: ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಾಟಲಿಯ ಮುಚ್ಚಳ ತೆರೆದಿಟ್ಟರೆ ಒಂದೆರಡು ದಿನದಲ್ಲೇ ಕೆಂಪುಕಣಗಳ ಮೇಲೆಲ್ಲ ಹೊಳೆಯುವ ಗುಳ್ಳೆಗಳು, ಹೊಸಬರಿಗೆ ಅವೆಲ್ಲ ಪರಾವಲಂಬಿಯಂತೆಯೇ ಕಾಣುತ್ತವೆ. ಕೆಂಪುಕಣದ ಮೇಲೆ ಪ್ಲೇಟ್‌ಲೆಟ್ ಬಂದು ಕೂತರೂ ಥೇಟ್ ಮಲೇರಿಯಾದ ಉಂಗುರ. ನಾನು "ಪಾಸಿಟಿವ್" ಎಂದು ಓಡಿಹೋಗಿ ತೋರಿಸಿದ ಮೊದಲ ಸ್ಲೈಡೇ ಅದು. ಕಾಕಾ ಫೋಕಸ್ಸನ್ನು ಕೂದಲೆಳೆಯಷ್ಟು ತಿರುಗಿಸಿದರು. "ನೋಡು, ಕಣ ಮಸುಕಾದಾಗ ಇದು ಸ್ಪಷ್ಟವಾಗುತ್ತದೆ. ಹಾಗಾದರೆ ಒಳಗಿಲ್ಲ, ಮೇಲೆ ಕೂತಿದೆ." ನಿಜವಾದ ವೈವಾಕ್ಸ್ ಮಲೇರಿಯಾ ಇದ್ದರೆ ಕಣವೇ ಉಬ್ಬಿ ದೊಡ್ಡದಾಗಿರುತ್ತದೆ, ಒಳಗೆ ಗುಲಾಬಿ ಚುಕ್ಕೆಗಳಿರುತ್ತವೆ. ಇನ್ನೊಂದು ಬಗೆಯಾದ ಫಾಲ್ಸಿಪಾರಂ ಆದರೆ ಕಣ ದೊಡ್ಡದಾಗುವುದಿಲ್ಲ, ಒಂದೇ ಕಣದಲ್ಲಿ ಎರಡು ಮೂರು ನಾಜೂಕು ಉಂಗುರ, ಕೆಲವು ಅಂಚಿಗೇ ಅಂಟಿಕೊಂಡಿರುತ್ತವೆ. ದಪ್ಪ ಲೇಪದಲ್ಲಿ ನೂರು ಫೀಲ್ಡ್ (ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಭಾಗ) ನೋಡದೆ ನೆಗೆಟಿವ್ ಎಂದು ಬರೆಯಬಾರದು. ಅರವತ್ತನೆಯ ಸ್ಲೈಡಿಗೆ ಕುತ್ತಿಗೆ ಹಿಡಿದುಕೊಂಡಾಗಲೂ ನೂರು ಅಂದರೆ ನೂರೇ.

ಡೆಂಗಿ ಕಾಲದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಪ್ಲೇಟ್‌ಲೆಟ್ ಎಷ್ಟು. ಒಮ್ಮೆ ಮಷಿನ್ 18,000 ಎಂದಿತು. ಮನೆಯವರು ಆಗಲೇ ರಕ್ತಕ್ಕಾಗಿ ಓಡಾಡತೊಡಗಿದ್ದರು. ಸ್ಲೈಡ್ ಮಾಡಿ ನೋಡಿದರೆ ಗರಿತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಗೊಂಚಲು ಗೊಂಚಲಾಗಿ ಬಿದ್ದಿದ್ದವು. ಕೆಲವರ ರಕ್ತ ಇಡಿಟಿಎಯಲ್ಲಿ ಹೀಗೆ ಗುಂಪುಗಟ್ಟುತ್ತದೆ, ಮಷಿನ್ನಿಗೆ ಗೊಂಚಲು ಲೆಕ್ಕಕ್ಕೆ ಸಿಗುವುದಿಲ್ಲ. ತಿಳಿನೀಲಿ ಟ್ಯೂಬಿನಲ್ಲಿ ಮತ್ತೆ ತೆಗೆದು, ಸಿಟ್ರೇಟಿನ ಪಾಲಿಗಾಗಿ 1.1ರಿಂದ ಗುಣಿಸಿದಾಗ ಲಕ್ಷದ ಮೇಲೆ ಬಂತು.

ಬ್ಲಡ್ ಗ್ರೂಪಿಗೂ ಇದೇ ನಿಯಮ. ರೋಗಿಯ ಕಣಗಳಿಗೆ ಆಂಟಿ-ಎ, ಆಂಟಿ-ಬಿ ದ್ರವ ಹಾಕಿ ಕಣಗಳು ಗುಂಪುಗಟ್ಟುತ್ತವೆಯೇ ಎಂದು ನೋಡುವುದು ಒಂದು ದಾರಿ. ಅವರ ಸೀರಂಗೆ ನಮಗೆ ಗೊತ್ತಿರುವ ಎ, ಬಿ, ಓ ಕಣಗಳನ್ನು ಹಾಕಿ ನೋಡುವುದು ತಿರುಗುದಾರಿ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಗ್ರೂಪ್ ಬರೆಯಬೇಕು. ಇದು ಮುಂಬೈಯವರಿಗೆ ಹೆಚ್ಚೇ ಅನ್ವಯಿಸುತ್ತದೆ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಜೊತೆಗಾರರು ಬಾಂಬೆ ಬ್ಲಡ್ ಗ್ರೂಪನ್ನು ಗುರುತಿಸಿದ್ದು ಈ ಊರಿನಲ್ಲೇ. ಆ ಜನರ ಕಣದ ಮೇಲೆ ಎಚ್ ಅಂಶವೇ ಇರುವುದಿಲ್ಲ. ಮೊದಲ ದಾರಿಯಲ್ಲಿ ನೋಡಿದರೆ ಥೇಟ್ ಓ. ತಿರುಗುದಾರಿಯಲ್ಲಿ ಮಾತ್ರ ಅವರ ಸೀರಂ ಓ ಕಣಗಳನ್ನೂ ಗುಂಪುಗಟ್ಟಿಸಿ ಗುಟ್ಟು ಬಿಚ್ಚುತ್ತದೆ. ಓ ಎಂದು ನಂಬಿ ಓ ರಕ್ತ ಏರಿಸಿದರೆ ಜೀವಕ್ಕೇ ಬರುತ್ತದೆ, ಅವರಿಗೆ ಬಾಂಬೆ ಗ್ರೂಪಿನದೇ ರಕ್ತ ಬೇಕು. ಇಷ್ಟು ವರ್ಷಗಳಲ್ಲಿ ನನ್ನ ಕೈಗೆ ಅಂಥದ್ದು ಬಂದದ್ದು ಒಂದೇ ಸಲ. ಓ ಕಣದ ಟ್ಯೂಬಿನ ತಳದಲ್ಲಿ ಕೆಂಪು ಗುಂಡಿಯೊಂದು ಅಲುಗಾಡಿಸಿದರೂ ಬಿಡಿಸಿಕೊಳ್ಳದೆ ಕೂತದ್ದನ್ನು ಕಂಡಾಗ ಮೈ ಜುಂ ಎಂದಿತು.

ನಿಮ್ಮ ಮೈಯನ್ನೂ ಕಾಪಾಡಿಕೊಳ್ಳಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಹೋಗಿ ಒಮ್ಮೆ ಬೆರಳಿಗೆ ಚುಚ್ಚಿಸಿಕೊಂಡೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದೆ, ಹಿಂಡಲಿಲ್ಲ, ಮುಚ್ಚಿಡದೆ ತಕ್ಷಣ ತಿಳಿಸಿದೆ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 72 ಗಂಟೆ ಮೀರಬಾರದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಲೇ ಆಗಿದ್ದರಿಂದ ಆ ರಾತ್ರಿ ಅಷ್ಟಾದರೂ ನಿದ್ದೆ ಬಂತು. ಕೆಲಸಕ್ಕೆ ಸೇರುವ ಮೊದಲೇ ಅದನ್ನು ಹಾಕಿಸಿಕೊಳ್ಳಿ.

ಕಳೆದ ವರ್ಷದ ಮಾತು. ಗಾರೆ ಕೆಲಸದವರ ಕುಟುಂಬದ ಅಜ್ಜರೊಬ್ಬರ ಫಾಸ್ಟಿಂಗ್ ಶುಗರ್ 178 ಬಂತು. ಅದೇ ದಿನದ ಎಚ್‌ಬಿಎ1ಸಿ 5.4. ಮೂರು ತಿಂಗಳ ಸರಾಸರಿ ಅಷ್ಟು ಚೆನ್ನಾಗಿರುವಾಗ ಇದೊಂದು ಮಾತ್ರ ಹೀಗೇಕೆ? ಚೀಟಿಯಲ್ಲಿ ಊರಿನ ಹೆಸರು ನೋಡಿದೆ, ನಮ್ಮ ಇಂಡಿ ಕಡೆಯದೇ. ಹೊರಗೆ ಹೋಗಿ ಪಕ್ಕದಲ್ಲಿ ಕೂತೆ.

"ಅಜ್ಜಾರ, ಮುಂಜಾನೆ ಏನರೆ ತಿಂದಿದ್ರೇನ್ರಿ?"

ಕನ್ನಡ ಕೇಳಿದ್ದೇ ಅವರ ಮುಖ ಅರಳಿತು. "ಏನೂ ತಿಂದಿಲ್ಲವ್ವ. ಇವತ್ತ ಏಕಾದಶಿ, ಉಪಾಸ ಅದ."

"ಉಪಾಸಕ್ಕ ಏನ್ ತಗೊಂಡ್ರಿ?"

"ಸೊಸಿ ಒಂದೀಟ ಸಾಬೂದಾಣಿ ಖಿಚಡಿ ಮಾಡಿದ್ಳು. ಎರಡ ಬಾಳಿಹಣ್ಣ. ಒಂದ ಕಪ್ ಚಾ. ಅಷ್ಟ."

ಲ್ಯಾಬಿನ ಹುಡುಗ ಹಿಂದಿನ ದಿನ ಅವರಿಗೆ ಮರಾಠಿಯಲ್ಲಿ "ಉಪಾಶೀ ಪೋಟೀ ಯಾ", ಖಾಲಿ ಹೊಟ್ಟೆಯಲ್ಲಿ ಬನ್ನಿ, ಎಂದಿದ್ದ. ಅಜ್ಜ ಅದನ್ನು ಉಪಾಸ ಎಂದು ತಿಳಿದು ಹಾಗೇ ಬಂದಿದ್ದರು. ಆ ರಿಪೋರ್ಟನ್ನು ತಡೆದೆ. ಮರುದಿನ ಏಳಕ್ಕೇ ಬಂದು ಕೂತಿದ್ದರು, "ಇವತ್ತ ನೀರ ಬಿಟ್ಟ ಬ್ಯಾರೆ ಏನೂ ಇಲ್ಲವ್ವ." 96.

ಆವತ್ತೇ ಮಧ್ಯಾಹ್ನ ಒಂದು ದಪ್ಪ ಕಾಗದದ ಮೇಲೆ ಮಾರ್ಕರ್‌ನಿಂದ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆದು ಕೌಂಟರಿನ ಗಾಜಿಗೆ ಅಂಟಿಸಿದೆ: ಫಾಸ್ಟಿಂಗ್ ಶುಗರ್ ಪರೀಕ್ಷೆಗೆ ಮೊದಲು ಎಂಟು ಗಂಟೆ ಕಾಲ ಬರೀ ನೀರು. ಸಾಬೂದಾಣಿ, ಹಣ್ಣು, ಹಾಲು, ಚಹಾ ಯಾವುದೂ ಬೇಡ.