ನಾಲ್ಕೇ ಮೈಕು, ಒಂದು ನೂಲು: ದಾವಣಗೆರೆಯಲ್ಲಿ ಡ್ರಮ್ಸ್ ರೆಕಾರ್ಡಿಂಗ್

ಎಂಟು ಮೈಕಿಲ್ಲದೆ ರಾಕ್ ಡ್ರಮ್ಸ್ ಆಗಲ್ಲ, ಬೆಂಗಳೂರಿಗೇ ಹೋಗಿ ಅಂದವರೇ ಹೆಚ್ಚು. ಆದರೆ ನಮ್ಮ ಒಂಬತ್ತು ಹಾಡಿನ ಡ್ರಮ್ಸ್ ಪೂರ್ತಿ ದಾವಣಗೆರೆಯ ಖಾಲಿ ಮಂಡಕ್ಕಿ ಗೋದಾಮಿನಲ್ಲೇ ಮುಗಿಯಿತು. ಕಾಲಲ್ಲಿ ಬಡಿಯುವ ದೊಡ್ಡ ಡ್ರಮ್ಮಿಗೆ, ಅಂದರೆ ಕಿಕ್ಕಿಗೆ, ಒಂದು ಮೈಕು, ಚುರುಕು ಸದ್ದಿನ ಸ್ನೇರ್ ಡ್ರಮ್ಮಿಗೆ ಶೂರ್ ಎಸ್‌ಎಂ57 ಮೈಕು, ಮೇಲೆ ಎರಡು ಸಣ್ಣ ಕಂಡೆನ್ಸರ್ ಮೈಕು. ಇದು ಇಂಗ್ಲೆಂಡಿನ ರೆಕಾರ್ಡಿಂಗ್ ಎಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನ ಪದ್ಧತಿ: ಮೇಲಿನ ಎರಡೂ ಮೈಕು ಸ್ನೇರ್‌ನಿಂದ ಒಂದೇ ದೂರದಲ್ಲಿರಬೇಕು. ಕೆಡುವುದು ಅಳತೆಯಲ್ಲಿ.

ಮೊದಲೆರಡು ದಿನದ ಟೇಕ್‌ಗಳೆಲ್ಲ ಹಾಳಾದವು. ಮೈಕುಗಳನ್ನು ಕಣ್ಣಂದಾಜಿನಲ್ಲಿ ನಿಲ್ಲಿಸಿದ್ದೆವು. ಸ್ನೇರ್‌ನಿಂದ ಒಂದು ಮೈಕು ಇನ್ನೊಂದಕ್ಕಿಂತ 17 ಸೆಂ.ಮೀ. ದೂರವಿದ್ದರೆ ಸದ್ದು ಅರ್ಧ ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ 1,000 ಹರ್ಟ್ಸ್ ಸುತ್ತ ಸದ್ದೇ ಇಲ್ಲ, ಸ್ನೇರ್ ತಗಡಿನ ಡಬ್ಬ ಬಡಿದ ಹಾಗೆ. ಪರಿಹಾರ ನೂಲು. ಒಂದು ತುದಿಯನ್ನು ಸ್ನೇರ್ ನಡುವೆ ಹೆಬ್ಬೆರಳಲ್ಲಿ ಒತ್ತಿ, ನೂಲು ಬಿಗಿ ಮಾಡಿ, ಮೇಲಿನ ಮೈಕಿನ ಮೂತಿಯ ಬಳಿ ಗಂಟು ಹಾಕಿ. ಸುಮಾರು ಒಂದು ಮೀಟರ್ ಇರಲಿ. ಅದೇ ಗಂಟು ಎರಡನೇ ಮೈಕಿಗೂ ಮುಟ್ಟಬೇಕು. ಆ ಮೈಕು ನೆಲದ ಮೇಲೆ ಕಾಲೂರಿ ನಿಲ್ಲುವ ಫ್ಲೋರ್ ಟಾಮ್ ಡ್ರಮ್ಮಿನ ಪಕ್ಕದಲ್ಲಿ, ಅಂಚಿಗಿಂತ ಒಂದು ಗೇಣು ಮೇಲೆ, ಹೈ-ಹ್ಯಾಟ್ (ಜೋಡಿ ತಾಳ) ಕಡೆ ಮುಖ ಮಾಡಿ ನಿಲ್ಲಲಿ. ಆಮೇಲೆ ಎಲ್ಲ ಮೈಕನ್ನೂ ಒಂದೇ ಚಾನೆಲ್ಲಿಗೆ ಕೂಡಿಸಿ ಮೋನೋದಲ್ಲಿ ಕೇಳಿ, ಕಿಕ್ಕಿನ ಮೈಕಿನ ಪೋಲಾರಿಟಿ, ಅಂದರೆ ಸಿಗ್ನಲ್ಲಿನ ಪ್ಲಸ್-ಮೈನಸ್, ತಿರುಗಿಸಿ ನೋಡಿ. ತಳದ ಸದ್ದು ಯಾವುದರಲ್ಲಿ ತುಂಬಿ ಬರುತ್ತದೋ ಅದೇ ಸರಿ.

ಪ್ರತಿಧ್ವನಿಗೆ ಹತ್ತಿ ಹಾಸಿಗೆ. ಬಾಡಿಗೆಗೆ ತಂದ 14 ಹಾಸಿಗೆಗೆ ಹತ್ತು ದಿನಕ್ಕೆ ಮೂರು ಸಾವಿರದ ಹತ್ತಿರ ಹೋಯಿತು. ಗೋಡೆಗೆ ಒತ್ತಿ ನಿಲ್ಲಿಸಿದರೆ ಚುರುಕು ಸದ್ದಷ್ಟೇ ಹೀರುತ್ತದೆ. ಹಿಂದೆ ಒಂದು ಗೇಣು ಸಂದು ಬಿಟ್ಟ ಮೇಲೆ ಟಾಮ್‌ಗಳ ಗುಂಯ್ ಇಳಿಯಿತು. ಮೂಲೆಗಳಲ್ಲಿ ಮಂಡಕ್ಕಿ ಚೀಲ ಒಟ್ಟಿಯೂ ನೋಡಿದೆವು. ಕಿಕ್ಕಿನ ಬೂಮ್ ಒಂದಿಷ್ಟೂ ಜಗ್ಗಲಿಲ್ಲ. ಕಿಕ್ ಬಿದ್ದಾಗಲೆಲ್ಲ ಚಾವಣಿಯ ತಗಡು ಗಿರ್ ಅನ್ನುತ್ತಿತ್ತು. ಸೈಕಲ್ ಟ್ಯೂಬು ಕತ್ತರಿಸಿ, ಸ್ಕ್ರೂಗಳ ಕೆಳಗೆ ವಾಷರ್ ಮಾಡಿ ಕೊಟ್ಟೆವು. ಖರ್ಚು ನಲವತ್ತು ರೂಪಾಯಿ, ಅರ್ಧ ದಿನದ ಏಣಿ ಕೆಲಸ.

ಗಿಟಾರಿನಲ್ಲಿ ಕಾಟ ಕೊಟ್ಟಿದ್ದು ಹಮ್ಮು, ಅಂದರೆ ಕರೆಂಟಿನ ಗುಂಯ್ ಸದ್ದು. ತಂತಿಯ ಕಂಪನ ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್ಪಿಗೆ ಹಳೇ ಟ್ಯೂಬ್‌ಲೈಟಿನ ಚೋಕೇ ಶತ್ರು. ಅದನ್ನು ಆರಿಸಿ ಎಲ್‌ಇಡಿ ಹಾಕಿದರೆ ಅರ್ಧ ಹೋಯಿತು. ಗಿಟಾರಿನ ಆಂಪ್, ಮೈಕಿನ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್, ಲ್ಯಾಪ್‌ಟಾಪ್ ಮೂರೂ ಒಂದೇ ಬೋರ್ಡಿಗೆ ಬಂದ ಮೇಲೆ ಇನ್ನಷ್ಟು. ಉಳಿದದ್ದು ಒಣಗಿದ ಅರ್ಥಿಂಗ್ ಗುಂಡಿ: ನಾಲ್ಕು ಕೊಡ ನೀರು ಸುರಿದು ಕ್ಲಾಂಪ್ ಉಜ್ಜಿ ಬಿಗಿ ಮಾಡಿದ ಮೇಲೆ ನಿಂತಿತು. ಅರ್ಥ್ ಪಿನ್ ಕಿತ್ತು ಹಮ್ಮು ನಿಲ್ಲಿಸುವ ಚಾಳಿ ಬಿಡಿ, ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆದೀತು.

ಕೈ ಸುಮ್ಮನಿರದೆ, ಆಂಪಿನಿಂದ ಹತ್ತಡಿ ದೂರದಲ್ಲಿ ಮಣ್ಣಿನ ಗುಡಾಣ ಇಟ್ಟು ಅದರೊಳಗೆ ಮೈಕು ಇಳಿಸಿದೆವು. ಒಂದೇ ಸ್ವರ ಗುಡುಗುತ್ತದೆ, ಎಲ್ಲ ಹಾಡಿಗೂ ಒಗ್ಗಲ್ಲ. ಐದನೇ ಹಾಡಿನ ಸೋಲೋದಲ್ಲಿ ಮಾತ್ರ ಅದೇ ಇದೆ, ಚೆನ್ನಾಗಿದೆ.

ಗೋದಾಮಿನ ಬಾಡಿಗೆ, ಮೈಕು-ಇಂಟರ್‌ಫೇಸ್ ಬಾಡಿಗೆ, ಎರಡು ಸ್ನೇರ್ ಹೆಡ್ಡು (ಬಡಿಯುವ ಹೊದಿಕೆ), ಊಟ ಎಲ್ಲ ಸೇರಿ ನೆನಪಿದ್ದಂತೆ 28 ಸಾವಿರ ಆಯಿತು. ಬೆಂಗಳೂರಿನಲ್ಲಿ ಕೇಳಿದ್ದು ಅದರ ಮೂರರಷ್ಟು. ಕಿಕ್ಕಿನೊಳಗೆ ಏನು ತುಂಬಿದ್ದೆವು, ಎಷ್ಟು ತುಂಬಿದ್ದೆವು ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಆ ಗಂಟಿನ ನೂಲು ಇನ್ನೂ ಸ್ಟ್ಯಾಂಡಿನಲ್ಲೇ ಕಟ್ಟಿದೆ, ಮುಂದಿನ ಟೇಕಿಗೂ ಅದೇ ಅಳತೆ.