ಜೋಡಿ ಸೈಕಲ್ ಕೊಳ್ಳುವವರು ಮೊದಲು ಹಿಂದಿನ ಸೀಟಿನಲ್ಲಿ ಕುಳಿತು ನೋಡಿ

ಉಡುಪಿ ಬಳಿಯ ಪಡುಕರೆಯಿಂದ ಮಟ್ಟುವಿನ ಕಡೆಗೆ ಸಮುದ್ರದ ಮಗ್ಗುಲಲ್ಲೇ ಹೋಗುವ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಒಂದೇ ಸೈಕಲಿನಲ್ಲಿ ಹೋಗುವಾಗ ಯಾರಾದರೂ ಒಬ್ಬರು ಕೈ ಅಡ್ಡ ಹಿಡಿದು ಕೇಳಿಯೇ ಕೇಳುತ್ತಾರೆ: "ಇದು ಎಲ್ಲಿ ಸಿಗ್ತದೆ ಮಾರಾಯ್ರೆ? ಹಳತಾದ್ರೂ ಅಡ್ಡಿ ಇಲ್ಲ." ಹಳತನ್ನೇ ಕೊಳ್ಳಿ ಎಂದು ನಾನೂ ಹೇಳುತ್ತೇನೆ. ಉತ್ಸಾಹದಿಂದ ಟ್ಯಾಂಡಮ್, ಅಂದರೆ ಇಬ್ಬರೂ ಹಿಂದೆ ಮುಂದೆ ಕೂತು ತುಳಿಯುವ ಜೋಡಿ ಸೈಕಲ್ ತಂದು, ನಾಲ್ಕು ಸಲ ಓಡಿಸಿ, ಆಮೇಲೆ ಕಾರ್ ಶೆಡ್ಡಿನ ಮೂಲೆಗೆ ಒರಗಿಸಿಟ್ಟ ದಂಪತಿಗಳು ನಮ್ಮ ಊರುಗಳಲ್ಲೂ ಇದ್ದಾರೆ, ಬೆಂಗಳೂರಿನಲ್ಲಂತೂ ಇನ್ನೂ ಹೆಚ್ಚು. ಅಂಥ ಸೈಕಲಿನಲ್ಲಿ ಇನ್ನೂ ಬೇಕಾದಷ್ಟು ಆಯುಷ್ಯ ಇರುತ್ತದೆ. ಕಡಲತೀರದಲ್ಲಿ ಬಾಡಿಗೆಗೆ ಓಡಿ ಓಡಿ ಸೋತದ್ದು ಮಾತ್ರ ಬೇರೆ ಕಥೆ.

ನಮ್ಮ ಮೊದಲ ಜೋಡಿ ಸೈಕಲ್ ಅಂಥದ್ದೇ ಆಗಿತ್ತು. ಹೊಸ ಕೆಂಪು ಪೈಂಟು, ಹೊಸ ಸೀಟು. ನಮ್ಮವರು ಮುಂದೆ ಕುಳಿತು ಒಂದು ಸುತ್ತು ಹೊಡೆದು ಬಂದರು, ದುಡ್ಡು ಕೊಟ್ಟೆವು. ನಾನು ಹಿಂದೆ ಹತ್ತಿದ್ದು ಮನೆಗೆ ಬಂದ ಮೇಲೆ. ನನ್ನ ಹ್ಯಾಂಡಲ್ ಎಷ್ಟು ಹತ್ತಿರ ಇತ್ತೆಂದರೆ ಮೊಣಕೈ ಪಕ್ಕೆಗೆ ಒತ್ತುತ್ತಿತ್ತು, ಹಣೆ ಅವರ ಬೆನ್ನಿಗೆ ತಾಗುತ್ತಿತ್ತು. ಮೂರು ವಾರಕ್ಕೆ ನನ್ನ ಮಣಿಗಂಟು ಊದಿಕೊಂಡಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಸೀಟಿನ ಕೆಳಗಿನ ಪೈಪಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಸೈಕಲ್ ಅಂಗಡಿಯವ ಸ್ಪ್ಯಾನರಿನಿಂದ ಅಲ್ಲಿ ಮೆಲ್ಲ ಕುಟ್ಟಿದಾಗ ತುಕ್ಕಿನ ಹಾಳೆಗಳು ಚೂರು ಚೂರಾಗಿ ಉದುರಿದವು. "ಒಳಗಿಂದ ತಿಂದುಹೋಗಿದೆ ಅಕ್ಕ, ಹೊರಗೆ ಪೈಂಟ್ ಮಾತ್ರ ಉಂಟು" ಎಂದ. ಮುಂದೆ ಬರೆದಿರುವುದೆಲ್ಲ ಆ ಸೈಕಲಿನಿಂದ ಮತ್ತು ಆಮೇಲೆ ಆರಿಸಿ ತಂದ ಎರಡನೆಯದರಿಂದ ಕಲಿತದ್ದು.

ಹೊರಡುವ ಮೊದಲು ಮನೆ ಅಳೆಯಿರಿ

ಟ್ಯಾಂಡಮ್ ಹೆಚ್ಚುಕಡಿಮೆ 8 ಅಡಿ ಉದ್ದ ಇರುತ್ತದೆ. ಮಂಗಳೂರಿನ ಫ್ಲ್ಯಾಟುಗಳ ಲಿಫ್ಟಿನೊಳಗೆ ಹೋಗುವುದಿಲ್ಲ, ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೆಳಗೆ ಪಾರ್ಕಿಂಗಿನಲ್ಲಿ ಬೀಗ ಹಾಕಿ ಇಡುವುದಾದರೆ ಮಳೆಯ ಇರಚಲು ಹೊಡೆಯದ ಗೋಡೆ ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಸಮುದ್ರದಿಂದ ಒಂದೆರಡು ಕಿಲೋಮೀಟರಿನೊಳಗೆ ಮನೆ ಇದ್ದವರಿಗೆ ಇದು ತೀರಾ ಮುಖ್ಯ. ಮಳೆಯ ನೀರು ಒರೆಸಿದರೆ ಹೋಗುತ್ತದೆ, ಉಪ್ಪುಗಾಳಿ ಹಾಗೆ ಹೋಗುವುದಿಲ್ಲ.

ಎಲ್ಲಿ ಓಡಿಸುತ್ತೀರಿ ಎಂಬುದನ್ನೂ ನಿಶ್ಚಯ ಮಾಡಿಕೊಳ್ಳಿ. ಮಲ್ಪೆ, ಪಡುಕರೆ, 1901ರಲ್ಲಿ ಕಟ್ಟಿದ ದೀಪಸ್ತಂಭ ಇರುವ ಕಾಪು, ತಣ್ಣೀರುಬಾವಿ ಇಲ್ಲೆಲ್ಲ ಸಪಾಟು ರಸ್ತೆ. ಗೇರ್ ಕಡಿಮೆ ಇದ್ದರೂ ನಡೆಯುತ್ತದೆ. ಮಣಿಪಾಲ, ಕದ್ರಿ, ಬಾವುಟಗುಡ್ಡೆಯಲ್ಲಿ ಮನೆ ಇದ್ದರೆ ಏರಿಗೆ ಸಣ್ಣ ಗೇರೂ ಇಳಿಜಾರಿಗೆ ಒಳ್ಳೆಯ ಬ್ರೇಕೂ ಬೇಕೇ ಬೇಕು.

ಇಬ್ಬರೂ ಹೋಗಿ, ಹಿಂದಿನವರು ಮೊದಲು ಹತ್ತಿ

ಮಾರುವವರ ಮನೆಗೆ ಗಂಡ ಒಬ್ಬನೇ ಹೋಗಿ ನೋಡಿಕೊಂಡು ಬರುವುದು ನಮ್ಮಲ್ಲಿ ರೂಢಿ. ಜೋಡಿ ಸೈಕಲಿನ ವಿಷಯದಲ್ಲಿ ಅದು ದೊಡ್ಡ ತಪ್ಪು. ಹಿಂದೆ ಕೂರುವವರನ್ನು ಕ್ಯಾರಿಯರ್ ಮೇಲೆ ಕೂತವರ ಹಾಗೆ ನೋಡಬೇಡಿ. ಅವರದು ಅರ್ಧ ಶಕ್ತಿ, ಅರ್ಧ ತೂಕ. ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿ ಇಲ್ಲದ ಸವಾರರು ಟ್ಯಾಂಡಮಿನ ಹಿಂದಿನ ಸೀಟಿನಲ್ಲೇ ಕುಳಿತು ಪದಕ ಗೆಲ್ಲುತ್ತಾರೆ. ಮುಂದಿನವರಿಗೆ ರಸ್ತೆ ಕಾಣುತ್ತದೆ, ಗುಂಡಿ ಕಂಡರೆ ಮೈ ಬಿಗಿ ಹಿಡಿಯಬಹುದು. ಹಿಂದಿನವರಿಗೆ ಕಾಣುವುದು ಒಂದು ಬೆನ್ನು ಮಾತ್ರ, ಗುಂಡಿಯ ಪೆಟ್ಟು ಹೇಳದೆ ಕೇಳದೆ ಸೊಂಟಕ್ಕೆ ಬೀಳುತ್ತದೆ. ಸೈಕಲ್ ಯಾರಿಗೆ ಹೆಚ್ಚು ಹೊಂದಬೇಕು ಎಂದು ನೀವೇ ಯೋಚಿಸಿ.

ಹಾಗಾಗಿ ಟೇಪ್ ಒಯ್ಯಿರಿ. ಮುಂದಿನ ಸೀಟಿನ ಕಂಬದಿಂದ ಹಿಂದಿನ ಸೀಟಿನ ಕಂಬಕ್ಕೆ, ಮೇಲಿನ ಪೈಪಿನ ಉದ್ದಕ್ಕೆ ಅಳೆಯಿರಿ. 70 ಸೆಂಟಿಮೀಟರ್ ಹತ್ತಿರ ಇದ್ದರೆ ಹಿಂದಿನವರು ಸ್ವಲ್ಪ ಬಾಗಿ ಆರಾಮವಾಗಿ ತುಳಿಯಬಹುದು. 60ರ ಆಸುಪಾಸಿನದ್ದು ಮೋಜಿಗೆ ಹತ್ತು ನಿಮಿಷ ಸುತ್ತಲು ಸಾಕು, ಅದಕ್ಕಿಂತ ದೂರಕ್ಕೆ ಬೇಡ. ನಮ್ಮ ಕೆಂಪು ಸೈಕಲಿನದ್ದು 58 ಇತ್ತು.

ಹಿಂದಿನ ಹ್ಯಾಂಡಲ್ ತಿರುಗುವುದಿಲ್ಲ, ಅದನ್ನು ಮುಂದಿನ ಸೀಟಿನ ಕಂಬಕ್ಕೆ ಕಚ್ಚಿಸಿರುತ್ತಾರೆ. ಇಲ್ಲೊಂದು ತೊಡಕು ಉಂಟು. ಮುಂದೆ ಕೂರುವವರು ಗಿಡ್ಡ ಇದ್ದು ಸೀಟನ್ನು ಪೂರ್ತಿ ಇಳಿಸಿದರೆ ಹಿಂದಿನ ಹ್ಯಾಂಡಲ್ ಕಚ್ಚಲು ಕಂಬವೇ ಉಳಿಯುವುದಿಲ್ಲ. ನಿಮ್ಮ ಎತ್ತರಕ್ಕೆ ಸೀಟು ಇಳಿಸಿದ ಮೇಲೂ ಕನಿಷ್ಠ ನಾಲ್ಕು ಬೆರಳಿನಷ್ಟು ಕಂಬ ಹೊರಗೆ ಕಾಣಬೇಕು. ಹಾಗೆಯೇ, ಮುಂದಿನವರು ಪೆಡಲ್ ತುಳಿಯುವಾಗ ಅವರ ತೊಡೆ ಹಿಂದಿನವರ ಬೆರಳಿಗೆ ಉಜ್ಜಬಾರದು.

ಮುಂದಿನವರ ಪರೀಕ್ಷೆ ಸುಲಭ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿ, ಕಾಲು ಅಗಲಿಸಿ ಸೈಕಲಿನ ನಡುವೆ ನಿಂತಾಗ ಪೈಪಿಗೂ ಮೈಗೂ ನಡುವೆ ಮೂರು ನಾಲ್ಕು ಸೆಂಟಿಮೀಟರ್ ಅಂತರ ಬೇಕು. ಏಕೆಂದರೆ ಹಿಂದಿನವರು ಹತ್ತಿ ಕುಳಿತುಕೊಳ್ಳುವವರೆಗೂ ಇಡೀ ಸೈಕಲನ್ನು ಹಿಡಿದು ನಿಲ್ಲಿಸುವವರು ಅವರೇ. ಸಾಮಾನ್ಯವಾಗಿ ಇಬ್ಬರಲ್ಲಿ ತೂಕ ಹೆಚ್ಚು ಇದ್ದವರು ಮುಂದೆ ಕೂತರೆ ಹ್ಯಾಂಡಲ್ ಹಿಡಿತಕ್ಕೆ ಸಿಗುತ್ತದೆ.

ಟಾರ್ಚ್ ಹಾಕಿ ಪೈಪಿನೊಳಗೆ ನೋಡಿ

ನಮ್ಮ ಕರಾವಳಿಯಲ್ಲಿ ಹಳೆ ಸೈಕಲ್ ಕೊಳ್ಳುವಾಗ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದು. ಎರಡೂ ಸೀಟಿನ ಕಂಬಗಳನ್ನು ಹೊರಗೆ ಎಳೆಯಲು ಹೇಳಿ. ಬರದಿದ್ದರೆ, ಅಲುಗಾಡದೆ ಕಚ್ಚಿಕೊಂಡಿದ್ದರೆ, ಅಲ್ಲಿಗೇ ನಮಸ್ಕಾರ ಹೇಳಿ ಹೊರಡಬಹುದು. ಕಂಬ ಹೊರಬಂದರೆ ಮೊಬೈಲ್ ಟಾರ್ಚನ್ನು ಪೈಪಿನೊಳಗೆ ಬಿಡಿ. ಕಂದು ಬಣ್ಣದ ತೆಳು ಪುಡಿ ಇದ್ದರೆ ಪರವಾಗಿಲ್ಲ, ಹಪ್ಪಳದ ಹಾಗೆ ಎದ್ದ ಪದರ ಕಂಡರೆ ಬೇಡ. ಆಮೇಲೆ ಸೈಕಲನ್ನು ತಲೆಕೆಳಗು ಮಾಡಿ ಒಮ್ಮೆ ಅಲ್ಲಾಡಿಸಿ. ಒಳಗೆ ನೀರಿನ ಸದ್ದು, ಹೊಯಿಗೆಯ ಸದ್ದು ಬಂದರೆ ಎಲ್ಲಿ ಓಡಿದ ಸೈಕಲ್ ಎಂದು ತಿಳಿಯುತ್ತದೆ.

ಪೆಡಲಿನ ಅಚ್ಚು ಹೋಗುವ ದಪ್ಪ ಗೂಡುಗಳು ಟ್ಯಾಂಡಮಿನಲ್ಲಿ ಎರಡು. ಎರಡರ ಅಡಿಯಲ್ಲೂ ಬೆರಳಾಡಿಸಿ. ಮೇಲಿಂದ ಇಳಿದ ನೀರು ಬಂದು ನಿಲ್ಲುವುದು ಅಲ್ಲೇ. ಪೈಂಟ್ ಗುಳ್ಳೆ ಎದ್ದಿದ್ದರೆ ಉಗುರಿನಿಂದ ಒತ್ತಿ ನೋಡಿ. ಹ್ಯಾಂಡಲ್ ಕೆಳಗೆ ಪೈಪುಗಳು ಕೂಡುವ ಜಾಗ, ಎರಡು ಗೂಡುಗಳನ್ನು ಜೋಡಿಸುವ ಕೆಳಗಿನ ಉದ್ದ ಪೈಪು, ಇಲ್ಲಿ ವೆಲ್ಡಿಂಗಿನ ಪಕ್ಕ ಬಿರುಕು ಹುಡುಕಿ. ಅಲ್ಯೂಮಿನಿಯಂ ಫ್ರೇಮಿಗೆ ಕೆಂಪು ತುಕ್ಕು ಬರುವುದಿಲ್ಲ ನಿಜ, ಆದರೆ ಕಬ್ಬಿಣದ ಬೋಲ್ಟ್ ತಾಗುವಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಆ ಬೋಲ್ಟುಗಳು ಬಿಚ್ಚುತ್ತವೆಯೇ ಎಂದು ಒಂದೆರಡನ್ನು ತಿರುಗಿಸಿ ನೋಡಿ. ಹೊಸದಾಗಿ ಪೈಂಟ್ ಹೊಡೆಸಿದ ಸೈಕಲಿಗಿಂತ ಗೀರು ಬಿದ್ದ ಹಳೆಯ ಪೈಂಟಿನದ್ದನ್ನು ನಾನು ಹೆಚ್ಚು ನಂಬುತ್ತೇನೆ.

ಎರಡು ಚೈನುಗಳ ಲೆಕ್ಕ

ಬಲಗಡೆಯ ಚೈನು ಎಲ್ಲ ಸೈಕಲಿನ ಹಾಗೆ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಹೆಚ್ಚಿನ ಟ್ಯಾಂಡಮುಗಳಲ್ಲಿ ಎಡಗಡೆ ಇನ್ನೊಂದು ಚೈನು ಮುಂದಿನ ಪೆಡಲನ್ನು ಹಿಂದಿನ ಪೆಡಲಿಗೆ ಜೋಡಿಸುತ್ತದೆ. ಅದರ ಎರಡೂ ಹಲ್ಲಿನ ಚಕ್ರಗಳಲ್ಲಿ ಹಲ್ಲುಗಳ ಸಂಖ್ಯೆ ಒಂದೇ ಇರಬೇಕು. ಯಾರಾದರೂ ರಿಪೇರಿ ಮಾಡುವಾಗ ಬೇರೆಯದ್ದು ಹಾಕಿದ್ದರೆ ಇಬ್ಬರ ಕಾಲೂ ಒಂದೇ ತಾಳಕ್ಕೆ ಬರುವುದಿಲ್ಲ, ಎಣಿಸಿ.

ಎಡ ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಒಟ್ಟು ಅರ್ಧ ಇಂಚು ಆಡಿದರೆ ಸರಿ. ಜೋತುಬಿದ್ದಿದ್ದರೆ ಓಡುವಾಗ ಕಳಚಿ ಪೆಡಲ್ ಬರಿದೇ ತಿರುಗುತ್ತದೆ. ಒಳ್ಳೆಯ ಟ್ಯಾಂಡಮಿನಲ್ಲಿ ಇದನ್ನು ಬಿಗಿಮಾಡಲು ಮುಂದಿನ ಗೂಡಿನೊಳಗೆ ಒಂದು ದಪ್ಪ ಗುಂಡು ತುಂಡು ಇರುತ್ತದೆ. ಪೆಡಲಿನ ಅಚ್ಚು ಅದರ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಕೂತಿರುವುದರಿಂದ ತುಂಡನ್ನು ತಿರುಗಿಸಿದರೆ ಅಚ್ಚು ಮುಂದೆ ಸರಿದು ಚೈನು ಬಿಗಿಯಾಗುತ್ತದೆ. ಉಪ್ಪುಗಾಳಿಗೆ ಬೇಗ ಕಚ್ಚಿಕೊಳ್ಳುವ ಭಾಗ ಇದು. ಮಾರುವವರ ಎದುರಿಗೇ ಸಡಿಲಿಸಿ ತಿರುಗಿಸಿ ನೋಡಿ.

ಚೈನು ಸವೆದಿದೆಯೇ ಎಂದು ತಿಳಿಯಲು ಶಾಲೆಯ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಕ್ಕೆ 24ನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಇಂಚಿನ ಹದಿನಾರರಲ್ಲಿ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಬೇಕು. ಎಂಟರಲ್ಲಿ ಒಂದು ಭಾಗ ಹೆಚ್ಚಾಗಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಇಬ್ಬರ ಪೆಡಲ್ ಒಂದು ಹಲ್ಲು ಹಿಂದೆಮುಂದೆ ಆಗಿದ್ದರೆ ಹೆದರಬೇಡಿ, ಚೈನು ಕಳಚಿ ಸರಿಯಾಗಿ ಕೂರಿಸಿದರೆ ಆಯಿತು.

ಚಕ್ರ, ಬ್ರೇಕ್

ಹಿಂದೆ ಹಾಲು ಸಾಗಿಸುತ್ತಿದ್ದ ಕಪ್ಪು ಸೈಕಲಿನ ಹಿಂಚಕ್ರಕ್ಕೇ 40 ಕಡ್ಡಿ ಇರುತ್ತಿತ್ತು. ಇಬ್ಬರು ಕೂರುವ ಸೈಕಲಿಗೆ 36ಕ್ಕಿಂತ ಕಡಿಮೆ ಕಡ್ಡಿ ಇದ್ದರೆ ನಾನು ಒಪ್ಪುವುದಿಲ್ಲ. ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ. ಒಂದೇ ಕಡೆಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಮಂದ ಸದ್ದು ಬಂದದ್ದು ಸಡಿಲವಾಗಿದೆ. ಚಕ್ರ ಎತ್ತಿ ತಿರುಗಿಸಿ ಔಟ್ ಇದೆಯೇ, ಅಂದರೆ ಅತ್ತಿತ್ತ ಓಲುತ್ತದೆಯೇ ನೋಡಿ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಿಸಿದಾಗ ಕಟಕಟ ಎಂದರೆ ಬೇರಿಂಗ್ ಹೋಗಿರಬಹುದು, ಅಚ್ಚು ಬಾಗಿರಲೂಬಹುದು. ಟಯರ್ ತೆಳ್ಳಗಿದ್ದರೆ ಬದಲಿಸಿ, 35 ಮಿಲಿಮೀಟರ್ ದಪ್ಪದ್ದಾದರೂ ಇರಲಿ.

ಬ್ರೇಕಿನ ಮೇಲೆ ಬೀಳುವ ಭಾರ ಲೆಕ್ಕ ಹಾಕಿ: ಒಬ್ಬರು 72 ಕಿಲೋ, ಇನ್ನೊಬ್ಬರು 58, ಸೈಕಲ್ 20, ಒಟ್ಟು 150. ಮಣಿಪಾಲದಿಂದ ಇಂದ್ರಾಳಿ ಕಡೆಗೆ ಇಳಿಯುವಾಗ ಈ ಭಾರವನ್ನೆಲ್ಲ ಎರಡು ಜೊತೆ ರಬ್ಬರ್ ಶೂಗಳು ಹಿಡಿದು ನಿಲ್ಲಿಸಬೇಕು. ಉದ್ದ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದರೆ ರಿಮ್ ಕಾದು ಟ್ಯೂಬ್ ಒಡೆಯುವುದೂ ಉಂಟು. ಗುಡ್ಡೆಯ ಮೇಲೆ ಮನೆ ಇದ್ದವರು ಡಿಸ್ಕ್ ಬ್ರೇಕ್ ಇರುವುದನ್ನೇ ಹುಡುಕಿ. ಶಿರಾಡಿ, ಆಗುಂಬೆ ಘಾಟಿ ಇಳಿಯುವ ಆಸೆ ಇದ್ದರೆ ರಿಮ್ ಬ್ರೇಕಿನ ಜೊತೆಗೆ ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲಿ ಡ್ರಮ್ ಬ್ರೇಕ್ ಆದರೂ ಬೇಕು.

ಒಂದು ಸಣ್ಣ ವಿಷಯ, ಆದರೆ ಬಹಳ ಕಾಡುತ್ತದೆ: ಹಿಂದಿನ ಬ್ರೇಕಿನ ವಯರ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ವಯರ್ ಹಿಂಚಕ್ರಕ್ಕೆ ಎಟುಕುವುದಿಲ್ಲ, ಟ್ಯಾಂಡಮಿನದ್ದು ಸುಮಾರು 3 ಮೀಟರ್ ಬೇಕು. ಗೇರ್ ವಯರಿನ ಕಥೆಯೂ ಅದೇ. ಮಾರುವವರ ಬಳಿ ಹೆಚ್ಚಿನದ್ದು ಇದ್ದರೆ ಕೇಳಿ ಪಡೆಯಿರಿ, ಇಲ್ಲದಿದ್ದರೆ ಸೈಕಲ್ ಮನೆಗೆ ಬರುವ ಮೊದಲೇ ಎರಡು ತರಿಸಿಡಿ. ಅದೊಂದು ತುಂಡಾದರೆ ಸೈಕಲ್ ವಾರಗಟ್ಟಲೆ ಗೋಡೆಗೆ ಒರಗುತ್ತದೆ.

ಓಡಿಸಿ ನೋಡುವುದು

ವಾಹನ ಇಲ್ಲದ ರಸ್ತೆ ಆರಿಸಿ. ಮುಂದಿನವರು ಕಾಲು ಅಗಲಿಸಿ ನಿಂತು ಎರಡೂ ಬ್ರೇಕ್ ಹಿಡಿಯಲಿ. ಹಿಂದಿನವರು ಹತ್ತಿ, ಎರಡೂ ಪಾದ ಪೆಡಲಿಗಿಟ್ಟು, ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿ ಮುಂದಿನವರು ಮೊದಲು ತುಳಿಯುವ ಪೆಡಲನ್ನು ಮೇಲಕ್ಕೆ ತರಲಿ. "ಹೂಂ" ಎಂದ ಮೇಲೆ ಇಬ್ಬರೂ ಒಟ್ಟಿಗೆ ತುಳಿಯಿರಿ. ನಿಲ್ಲಿಸುವಾಗ ಮುಂದಿನವರು ಮಾತ್ರ ಕಾಲೂರಬೇಕು, ಹಿಂದಿನವರು ಕೂತೇ ಇರಬೇಕು. ಮೊದಲ ನಾಲ್ಕೈದು ನಿಮಿಷ ಓಲಾಡುತ್ತದೆ. ಅದು ನಿಮ್ಮಿಬ್ಬರಿಗೆ ಒಬ್ಬರಿಗೊಬ್ಬರ ಅಭ್ಯಾಸ ಇಲ್ಲದ್ದರಿಂದ, ಅದಕ್ಕೆ ಸೈಕಲನ್ನು ತೆಗಳಬೇಡಿ. ಹತ್ತು ನಿಮಿಷ ಕಳೆದೂ ಹಿಂಭಾಗ ಬಾಲ ಆಡಿಸುತ್ತಿದ್ದರೆ ಫ್ರೇಮ್ ಅಥವಾ ಹಿಂಚಕ್ರದಲ್ಲಿ ದೋಷ ಇದೆ.

ಒಂದು ಸಣ್ಣ ಏರಿನಲ್ಲಿ ಇಬ್ಬರೂ ಜೋರಾಗಿ ತುಳಿಯಿರಿ. ಚೈನು ಹಲ್ಲು ಹಾರಿದರೆ ಕಾಲಿಗೆ ಧಡಕ್ಕನೆ ತಿಳಿಯುತ್ತದೆ. ತಿರುಗಿ ಬರುವಾಗ ನೆನಪಿಡಿ, ಇದು ಒಂಟಿ ಸೈಕಲಿನ ಹಾಗೆ ಸಣ್ಣ ರಸ್ತೆಯಲ್ಲಿ ಹಿಂದಿರುಗುವುದಿಲ್ಲ. ಆಮೇಲೆ ಹಿಂದೆ ಕೂತವರನ್ನು ಎರಡು ಪ್ರಶ್ನೆ ಕೇಳಿ: ಮಣಿಗಂಟು ನೋಯುತ್ತಿದೆಯಾ, ಇದರಲ್ಲಿ ಒಂದು ಗಂಟೆ ಕೂರಬಲ್ಲಿರಾ? "ನೋಡುವ, ಅಭ್ಯಾಸ ಆಗ್ತದೆ" ಎಂಬ ಉತ್ತರ ಬಂದರೆ ಬೇಡ. ನಾನೂ ಹಾಗೇ ಹೇಳಿದ್ದೆ.

ಒಪ್ಪಿಗೆಯಾದರೆ ಹಳೆಯ ಬಿಲ್ ಕೇಳಿ. ಅದು ಇಲ್ಲದಿದ್ದರೆ ಪೆಡಲ್ ಗೂಡಿನ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರ್ ಬರೆದು ಮಾರಿದವರ ಸಹಿ ಹಾಕಿಸಿಕೊಳ್ಳಿ. ಬೆಂಗಳೂರಿನಿಂದ ತರಿಸುವುದಾದರೆ ಲಾರಿ ಪಾರ್ಸೆಲಿಗೆ ಹಾಕುವ ಮೊದಲು ಪೆಡಲ್ ಬಿಚ್ಚಿ, ಹ್ಯಾಂಡಲ್ ಓರೆ ಮಾಡಿ, ಎಡ ಚೈನಿಗೆ ರಟ್ಟು ಸುತ್ತಿಸಿ. ಪೆಡಲ್ ಬಿಚ್ಚುವಾಗ ಎಡಗಡೆಯದ್ದರ ತಿರುಪು ಉಲ್ಟಾ ಎಂಬುದು ನೆನಪಿರಲಿ.

ನಮ್ಮ ಈಗಿನ ಸೈಕಲ್ ಹಸಿರು ಬಣ್ಣದ್ದು, ಮೈತುಂಬ ಗೀರು, ಸೀಟುಗಳ ನಡುವೆ 71 ಸೆಂಟಿಮೀಟರ್. ಪ್ರತಿ ವರ್ಷ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಅಂಗಳದಲ್ಲಿ ಗೋಣಿ ಹಾಸಿ ಅದನ್ನು ಮಲಗಿಸುತ್ತೇವೆ. ಎರಡೂ ಸೀಟಿನ ಕಂಬ ತೆಗೆದು ಪೈಪಿನೊಳಗೆ ಅರ್ಧ ಲೋಟ ಎಣ್ಣೆ ಹೊಯ್ದು, ಆಚೆ ಈಚೆ ಉರುಳಿಸಿ, ಒಂದು ರಾತ್ರಿ ತಲೆಕೆಳಗಾಗಿ ನಿಲ್ಲಿಸುತ್ತೇವೆ. ಬೆಳಿಗ್ಗೆ ಕಂಬಗಳಿಗೆ ಗ್ರೀಸ್ ಸವರಿ ಮತ್ತೆ ಕೂರಿಸಿ, ಕಂಬ ಒಳಹೋಗುವ ಬಾಯಿಗೆ ಹಳೆಯ ಟ್ಯೂಬಿನ ಒಂದು ತುಂಡನ್ನು ಬಿಗಿಯಾಗಿ ಏರಿಸುತ್ತೇವೆ, ನೀರು ಇಳಿಯದ ಹಾಗೆ.