ಲೋಟ ನೋಡಬೇಡಿ, ಗೊರಸಿನ ಸದ್ದು ಕೇಳಿ

ನಾನಿರುವ ಅಮೆರಿಕದ ಟೆನೆಸೀ ಕಡೆ ವಿಶೇಷ ನಡೆಯ, ಅಂದರೆ ಸವಾರನನ್ನು ಕುಲುಕದೆ ಸಾಗುವ ಕುದುರೆಗಳ ಜಾಹೀರಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಕುಲುಕಾಟವೇ ಇಲ್ಲ" ಅನ್ನುವ ಮಾತು, ಸವಾರನ ಕೈಯಲ್ಲಿ ತುಂಬಿದ ಲೋಟ. ಐಸ್‌ಲ್ಯಾಂಡ್ ಕುದುರೆಯವರು ಬಿಯರ್ ಹಿಡಿದೇ ಓಡಿಸಿ ತೋರಿಸುತ್ತಾರೆ. ನೋಡಲು ಚೆಂದ. ಆದರೆ ಲೋಟ ಚೆಲ್ಲದಿದ್ದರೆ ಸವಾರ ಪಳಗಿದವನು ಅಂತಲೂ ಆಯಿತು ಅಲ್ವಾ? ಅದಕ್ಕೇ ಗೆಳೆಯರು ಕುದುರೆ ನೋಡಲು ಕರೆದಾಗ ನಾನು "ಮೊದಲು ಕಣ್ಣು ಮುಚ್ಚಿ" ಅನ್ನುತ್ತೇನೆ.

ಗಟ್ಟಿ ನೆಲದ ಮೇಲೆ ನಡೆಸಲು ಹೇಳಿ. ಟ್ರಾಟ್‌ನಲ್ಲಿ, ಅಂದರೆ ಒಂದು ಬದಿಯ ಮುಂಗಾಲು, ಇನ್ನೊಂದು ಬದಿಯ ಹಿಂಗಾಲು ಜೋಡಿಯಾಗಿ ಬೀಳುವ ಓಟದಲ್ಲಿ, ನಾಲ್ಕೂ ಕಾಲು ಒಮ್ಮೆ ಇಡುವಷ್ಟರಲ್ಲಿ ಗೊರಸಿನ ಎರಡು ಪೆಟ್ಟು ಕೇಳುತ್ತದೆ. ಒಂದು ಬದಿಯ ಎರಡೂ ಕಾಲು ಒಟ್ಟಿಗೆ ಇಡುವ ಪೇಸ್‌ನಲ್ಲೂ ಎರಡೇ. ಟೆನೆಸೀ ವಾಕರ್ ತಳಿಯ ವಿಶೇಷ ನಡೆ ರನ್ನಿಂಗ್ ವಾಕ್, ಐಸ್‌ಲ್ಯಾಂಡ್ ಕುದುರೆಯ ನಡೆ ಟೋಲ್ಟ್, ಎರಡರಲ್ಲೂ ನಾಲ್ಕು ಪೆಟ್ಟು, ಸಮ ಅಂತರದಲ್ಲಿ ಬರಬೇಕು. ಆಮೇಲೆ ಫೋನನ್ನು ಗೊರಸಿನ ಮಟ್ಟಕ್ಕೆ ಹಿಡಿದು, ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಇದೇ ಕ್ರಮ. ಮಾರುವವರ ವಿಡಿಯೋದಲ್ಲಿ ಹಾಡು ಹಾಕಿದ್ದರೆ ಸದ್ದಿರುವ ಮೂಲ ವಿಡಿಯೋ ಕೇಳಿ.

ಯಾವ ತಳಿ ಮೇಲು ಅಂತ ಸುಮ್ನೆ ಹೋಲಿಸಿ ಪ್ರಯೋಜನವಿಲ್ಲ. ವಾಕರ್‌ನಲ್ಲಿ ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳಬೇಕು, ಮೆತ್ತನೆ ಮಣ್ಣಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಪಾಸೋ ಫಿನೋ ಅನ್ನುವುದು ಪುಟ್ಟ ಹೆಜ್ಜೆಯ ಇನ್ನೊಂದು ತಳಿ. ಸ್ಪರ್ಧೆಯಲ್ಲಿ ಅದನ್ನು ಹಲಗೆಯ ಮೇಲೆ ನಡೆಸಿ ತೀರ್ಪುಗಾರರು ತಾಳ ಕೇಳುತ್ತಾರೆ. ಇವೆರಡರ ವೇಗ ಹೋಲಿಸುವುದು ನ್ಯಾಯವಲ್ಲ. ಐಸ್‌ಲ್ಯಾಂಡ್ ಕುದುರೆಗೆ ತಳಿ ಪರೀಕ್ಷೆಯಲ್ಲಿ ಪ್ರತಿ ನಡೆಗೂ 5ರಿಂದ 10ರವರೆಗೆ ಅಂಕ ಕೊಡುತ್ತಾರೆ. ಒಂದೇ ತಳಿಯ ಎರಡು ಕುದುರೆ ಹೋಲಿಸಲು ಆ ಪಟ್ಟಿ ಚಿನ್ನದಂಥದ್ದು.

ಮಾರುವವರಲ್ಲಿ ಕೆಲವರು ಡಿಎನ್‌ಎ ಪರೀಕ್ಷೆಯ ಕಾಗದ ಮುಂದಿಡುತ್ತಾರೆ. ಡಿಎಂಆರ್‌ಟಿ3 ಜೀನ್‌ನ ಬದಲಾವಣೆಗೂ ಇಂಥ ನಡೆಗೂ ನಂಟಿದೆ ಎಂದು 2012ರಲ್ಲಿ ತಿಳಿಯಿತು. ನಿಜ. ಆದರೆ ವಾಕರ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಅದು ಇದೆ. ಈ ಕುದುರೆ ಪಕ್ಕದ ಕುದುರೆಗಿಂತ ಚೆನ್ನಾಗಿ ನಡೆಯುತ್ತದೆ ಅಂತ ಆ ಕಾಗದ ಹೇಳಲ್ಲ.

ಮುಂಗಾಲು ತೀರಾ ಎತ್ತರಕ್ಕೆ ಎತ್ತುವ ವಾಕರ್ ಕಂಡರೆ ಜಾಸ್ತಿ ಹುಷಾರಾಗಿರಿ. ಆ ನಡೆಗಾಗಿ ಗೊರಸಿನ ಮೇಲಿನ ಚರ್ಮಕ್ಕೆ ಸುಡುವ ರಾಸಾಯನಿಕ ಹಚ್ಚಿ, ಸರಪಳಿ ಕಟ್ಟಿ ನೋಯಿಸುವ ಕ್ರೌರ್ಯ ನಡೆದಿದೆ. ಇದನ್ನು ತಡೆಯಲೆಂದೇ 1970ರಲ್ಲಿ ಅಮೆರಿಕ ಕಾನೂನು ತಂದಿತು. ಆ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಕುದುರೆ ಕಾಲು ಎಳೆದುಕೊಂಡರೆ, ಕೂದಲು ಉದುರಿದ್ದರೆ, ಗಾಯದ ಕಲೆ ಇದ್ದರೆ ಅಲ್ಲಿಂದ ಹೊರಡಿ. ಗೊರಸಿನಡಿಯ ದಪ್ಪ ಪ್ಯಾಡ್, ಭಾರದ ಲಾಳ ತೆಗೆದು ನಡೆಸಲು ಒಪ್ಪದವರಿಂದಲೂ ಕೊಳ್ಳಬೇಡಿ. ನೋವಿನಿಂದ ಬಂದದ್ದನ್ನು ನಾನು ನಡೆ ಅನ್ನುವುದಿಲ್ಲ.

ನಮ್ಮ ದೇಶದ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ವಿಶೇಷ ನಡೆಯಾದ ರೇವಾಲ್ ಚಾಲಿಗೂ ಇದೇ ಕಿವಿ ಸಾಕು. ಎಲ್ಲ ಮಾರ್ವಾಡಿಗೂ ಆ ಚಾಲ್ ಇರಲ್ಲ, ತಳಿಯ ಹೆಸರಿಗೇ ದುಡ್ಡು ಕೊಡಬೇಡಿ.

ಕೊನೆಗೆ ಸವಾರಿ. ಮೊದಲು ಮಾರುವವರೇ ಹತ್ತಲಿ, ಆಮೇಲೆ ನೀವು. ಇಳಿಜಾರಿನಲ್ಲಿ ಲಗಾಮು ಸ್ವಲ್ಪ ಸಡಿಲ ಬಿಡಿ. ಕುದುರೆ ದಣಿದ ಮೇಲೆ ಮತ್ತೆ ಗಟ್ಟಿ ನೆಲಕ್ಕೆ ತಂದು, ನಾಲ್ಕು ಪೆಟ್ಟು ಇನ್ನೂ ಸಮವಾಗಿದೆಯೇ ಎಣಿಸಿ ನೋಡಿ. ಬೆಲೆಯ ಮಾತು ಅದಾದ ಮೇಲೆ.